ಮೇಲ್ಮನೆ ಸಾಕ್ಷಿ, ಕೆಳಮನೆ ಸಾಕ್ಷಿ: ವೇಲ್ಸ್‌ನ ಬೂದು ಕುರಿನಾಯಿ ಎಲ್ಲಿ ಹೋಯಿತು?

ಬ್ರಿಟನ್ನಿನ ಒಂದು ಭಾಗವಾದ ವೇಲ್ಸ್‌ನ ಹಳೇ ಕಾನೂನಿನಲ್ಲಿ ನಾಯಿಗೂ ಬೆಲೆ ಕಟ್ಟಿದ್ದರು. ಹತ್ತನೇ ಶತಮಾನದಲ್ಲಿ ಆಳಿದ ಹವೆಲ್ ಧಾ ಎಂಬ ರಾಜನ ಹೆಸರಿನಲ್ಲಿ ನಡೆದುಬಂದ ಕಾನೂನು ಅದು. ಯಾರದೋ ನಾಯಿಯನ್ನು ಇನ್ಯಾರೋ ಕೊಂದರೆ ಎಷ್ಟು ತೆರಬೇಕು ಅನ್ನುವ ಲೆಕ್ಕ. ಬಾಗಿಲ ಮುಂದೆ ಬಿದ್ದಿರುವ ಮಾಮೂಲಿ ನಾಯಿಗೆ, ಅದು ರಾಜನದ್ದೇ ಆಗಿರಲಿ, ಚಿಲ್ಲರೆ ಕಾಸು. ಮಂದೆಯ ನಾಯಿಯಾದರೆ ಒಂದು ಎತ್ತಿನ ಬೆಲೆ.

ಅದು ಮಂದೆಯ ನಾಯಿ ಹೌದೋ ಅಲ್ಲವೋ ಅಂತ ತಕರಾರು ಬಂದರೆ? ಯಜಮಾನ ಪ್ರಮಾಣ ಮಾಡಬೇಕು. ಅವನ ಜೊತೆ ಮೇಲ್ಮನೆಯವನೊಬ್ಬ, ಕೆಳಮನೆಯವನೊಬ್ಬ, ಅಂದರೆ ಮನೆಯ ಮೇಲುಗಡೆಯ, ಕೆಳಗಡೆಯ ನೆರೆಯವರು, ಸಾಕ್ಷಿ ನಿಲ್ಲಬೇಕು. ಈ ನಾಯಿ ಬೆಳಗ್ಗೆ ಮಂದೆಯ ಜೊತೆ ಹೊರಡುತ್ತದೆ, ಸಂಜೆ ಮಂದೆಯ ಜೊತೆ ಮನೆಗೆ ಬರುತ್ತದೆ ಎಂದು ಹೇಳಿದರೆ ಮುಗಿಯಿತು. ಬಣ್ಣ ಯಾವುದು, ಕಿವಿ ನೆಟ್ಟಗಿದೆಯಾ, ಅಪ್ಪ ಯಾರು, ಅಮ್ಮ ಯಾರು ಅಂತ ಕಾನೂನು ಕೇಳುತ್ತಿರಲಿಲ್ಲ.

ಈಗ ನಾಯಿ ತಳಿಗಳ ಪುಸ್ತಕ ತೆಗೆದು ನೋಡಿ. ವೇಲ್ಸ್‌ನ ಹಳೇ ಕುರಿನಾಯಿಗಳ ಹೆಸರಿನ ಮುಂದೆ ‘ಅಳಿದುಹೋಗಿದೆ’ ಎಂದು ಬರೆದಿರುತ್ತದೆ. ಓಲ್ಡ್ ವೆಲ್ಷ್ ಗ್ರೇ ಎಂಬ ಬೂದು ನಾಯಿ: ಮೈತುಂಬ ಜೂಲು, ಕಣ್ಣ ಮೇಲೆ ಇಳಿಬಿದ್ದ ಕೂದಲು, ಗದ್ದದ ಕೆಳಗೆ ಗಡ್ಡ. ಕಪ್ಪು ಮೈಗೆ ಕಂದು ಮಚ್ಚೆಯ ಇನ್ನೊಂದು ನಾಯಿ. ಹಿಲ್‌ಮನ್ ಎಂಬ ಹೊಂಬಣ್ಣದ, ಎತ್ತರದ ಮತ್ತೊಂದು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೂದು ನಾಯಿ. ಅದು ರೋಗ ಬಂದು ಸಾಯಲಿಲ್ಲ. ಯಾರೂ ಬೇಟೆಯಾಡಿ ಮುಗಿಸಲಿಲ್ಲ. ಕಾಯೋಕೆ ಕುರಿ ಇಲ್ಲದೆ ಹೋಯಿತು ಅನ್ನೋಣ ಅಂದರೆ ಅದೂ ಇಲ್ಲ. ವೇಲ್ಸ್‌ನಲ್ಲಿ ಜನ ಸುಮಾರು 31 ಲಕ್ಷ, ಕುರಿ ಇವತ್ತಿಗೂ 80 ಲಕ್ಷದ ಮೇಲೆ. ಗುಡ್ಡ ಅಲ್ಲೇ ಇದೆ, ಕುರಿ ಅಲ್ಲೇ ಇವೆ. ನಾಯಿ ಮಾತ್ರ ಇಲ್ಲ.

ನಮ್ಮ ಕಡೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಯಲುಸೀಮೆಯಲ್ಲಿ ಕುರಿಗಾಹಿಗಳ ಜೊತೆ ಇರುವ ನಾಯಿಯ ಮುಖ್ಯ ಕೆಲಸ ಕಾವಲು. ರಾತ್ರಿ ತೋಳ ಬಂದರೆ ಬೊಗಳಬೇಕು, ಮೇಲೆ ಬೀಳಬೇಕು. ಕುರಿಯನ್ನು ಆಚೆ ಈಚೆ ತಿರುಗಿಸುವುದು ಕುರಿಗಾಹಿಯ ಕೂಗು, ಅವನ ಕೋಲು. ಬ್ರಿಟನ್ನಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ನಿರ್ನಾಮವಾದವು. ತೋಳ ಹೋದ ಮೇಲೆ ಕಾವಲಿಗೆ ದೊಡ್ಡ ನಾಯಿ ಬೇಕಾಗಲಿಲ್ಲ. ಕುರಿಯನ್ನು ಅಟ್ಟುವ, ಗುಂಪು ಕೂಡಿಸುವ, ಬೇರೆ ಮಾಡುವ ಚುರುಕು ನಾಯಿ ಬೇಕಾಯಿತು. ಈ ಲೇಖನದ ನಾಯಿಗಳೆಲ್ಲ ಆ ಜಾತಿಯವು. ಕಾಯುವ ನಾಯಿ ಅನ್ನುವುದಕ್ಕಿಂತ ಅಟ್ಟುವ ನಾಯಿ ಅನ್ನುವುದೇ ಸರಿ.

ಲಂಡನ್ನಿಗೆ ನಡೆದುಹೋದ ದನ

ಬೂದು ನಾಯಿಯಂಥ ಗಟ್ಟಿಮುಟ್ಟು ನಾಯಿಗಳಿಗೆ ದೊಡ್ಡ ಕೆಲಸ ಕೊಟ್ಟವರು ಡ್ರೋವರ್‌ಗಳು, ವೆಲ್ಷ್ ಭಾಷೆಯಲ್ಲಿ ಪೋರ್ಥ್‌ಮನ್. ವೇಲ್ಸ್‌ನ ಗುಡ್ಡಗಳಲ್ಲಿ ಮೇಯ್ದ ಕಪ್ಪು ದನ, ಕುರಿ, ಹಂದಿ, ಬಾತುಗಳನ್ನು ಇಂಗ್ಲೆಂಡಿನ ಸಂತೆಗಳಿಗೆ, ಲಂಡನ್ನಿನ ಸ್ಮಿತ್‌ಫೀಲ್ಡ್‌ವರೆಗೆ ಕಾಲ್ನಡಿಗೆಯಲ್ಲಿ ಹೊಡೆದುಕೊಂಡು ಹೋಗುವುದು ಇವರ ಕಸುಬು. ವಾರಗಟ್ಟಲೆ ದಾರಿ. ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ, ಅದೂ ಮೇಯಿಸುತ್ತ ಮೇಯಿಸುತ್ತ. ಜಾಸ್ತಿ ಓಡಿಸಿದರೆ ದನ ಇಳಿದುಹೋಗುತ್ತದೆ, ಸಂತೆಯಲ್ಲಿ ಬೆಲೆ ಬರುವುದಿಲ್ಲ.

ಈ ಪ್ರಯಾಣದ ಸಿದ್ಧತೆ ಕೇಳಿದರೆ ಬೆರಗಾಗುತ್ತದೆ. ದನಕ್ಕೆ ಲಾಳ ಹೊಡೆಯುತ್ತಿದ್ದರು. ಗೊರಸು ಸೀಳಿರುತ್ತದಲ್ಲ, ಹಾಗಾಗಿ ಕಾಲಿಗೆ ಎರಡರಂತೆ ಒಂದು ದನಕ್ಕೆ ಎಂಟು ಲಾಳ. ಬಾತುಗಳನ್ನು ಮೊದಲು ಡಾಂಬರಿನ ಮೇಲೆ, ಆಮೇಲೆ ಮರಳಿನ ಮೇಲೆ ನಡೆಸುತ್ತಿದ್ದರು. ಪಾದಕ್ಕೆ ಮೆತ್ತಿಕೊಂಡದ್ದೇ ಅವುಗಳ ಚಪ್ಪಲಿ! ಊರು ಹತ್ತಿರ ಬಂದಾಗ ‘ಹೈಪ್‌ಟ್ರೋ ಹೋ’ ಎಂದು ಕೂಗುತ್ತಿದ್ದರು. ಆ ಕೂಗು ಕಿವಿಗೆ ಬಿದ್ದರೆ ಊರಿನವರು ತಮ್ಮ ದನಗಳನ್ನು ಒಳಗೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಅವೂ ಹಿಂಡಿನಲ್ಲಿ ಸೇರಿ ಲಂಡನ್ ಕಡೆ ಹೊರಟುಬಿಡುತ್ತಿದ್ದವು. ದಕ್ಷಿಣ ಇಂಗ್ಲೆಂಡಿನ ಸ್ಟಾಕ್‌ಬ್ರಿಜ್ ಎಂಬ ಊರಿನಲ್ಲಿ ಒಂದು ಹಳೇ ಮನೆಯ ಗೋಡೆ ಮೇಲೆ ಇವತ್ತಿಗೂ ವೆಲ್ಷ್ ಭಾಷೆಯ ಬರಹವಿದೆ. ಒಳ್ಳೆ ಹುಲ್ಲು, ರುಚಿಯಾದ ಮೇವು, ಒಳ್ಳೆ ಬಿಯರು, ಸುಖವಾದ ಹಾಸಿಗೆ ಇಲ್ಲಿ ಸಿಗುತ್ತದೆ ಅಂತ. ದೂರದ ಇಂಗ್ಲಿಷ್ ಊರಿನವನು ಗಿರಾಕಿಯ ಭಾಷೆಯಲ್ಲೇ ಬೋರ್ಡು ಬರೆಸಿದ್ದ ಅಂದರೆ ವ್ಯಾಪಾರ ಎಷ್ಟಿತ್ತು ಲೆಕ್ಕ ಹಾಕಿ. ದಾರಿಯಲ್ಲಿ ದುಡ್ಡು ಹೊತ್ತುಕೊಂಡು ಬರುವುದೇ ಅಪಾಯ ಅಂತ 1799ರಲ್ಲಿ ಲ್ಯಾಂಡೊವೆರಿ ಊರಿನಲ್ಲಿ ಡೇವಿಡ್ ಜೋನ್ಸ್ ಎಂಬ ಡ್ರೋವರ್ ಒಂದು ಬ್ಯಾಂಕನ್ನೇ ತೆಗೆದ. ನೋಟಿನ ಮೇಲೆ ಕಪ್ಪು ಎತ್ತಿನ ಚಿತ್ರ. ಜನ ಅದನ್ನು ಕರೆದದ್ದೂ ಬ್ಲ್ಯಾಕ್ ಆಕ್ಸ್ ಬ್ಯಾಂಕ್ ಅಂತಲೇ. 1909ರಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನೊಳಗೆ ಸೇರಿಹೋಯಿತು.

ಈ ಹಿಂಡಿನ ಹಿಂದೆ ನಾಯಿಗಳು. ಇಲ್ಲಿ ಬೇಕಾದದ್ದು ಮಳೆ ತಡೆಯುವ ಕೂದಲು, ದೂರ ನಡೆಯುವ ಕಾಲು, ದನ ಒದ್ದರೂ ಹಿಂಜರಿಯದ ಧೈರ್ಯ, ಜೋರು ಗಂಟಲು. ಬೊಗಳುತ್ತ, ಅಕ್ಕಪಕ್ಕ ಓಡಾಡುತ್ತ ಹಿಂಡನ್ನು ಮುಂದಕ್ಕೆ ತಳ್ಳಬೇಕು. ಬಂದ ದಾರಿ ನೆನಪಿಡುವುದರಲ್ಲೂ ಅವು ಗಟ್ಟಿ. ಕಾರ್ಲೋ ಎಂಬ ನಾಯಿಯ ಕಥೆಯನ್ನು ವೇಲ್ಸ್‌ನಲ್ಲಿ ಈಗಲೂ ಹೇಳುತ್ತಾರೆ. ಅದರ ಯಜಮಾನ ಇಂಗ್ಲೆಂಡಿನ ಕೆಂಟ್‌ನಲ್ಲಿ ದನದ ಜೊತೆ ಕುದುರೆಯನ್ನೂ ಮಾರಿಬಿಟ್ಟನಂತೆ. ಕುದುರೆಯ ಜೀನನ್ನು ನಾಯಿಯ ಬೆನ್ನಿಗೆ ಕಟ್ಟಿ, ದಾರಿಯ ಹೋಟೆಲಿನವರು ಊಟ ಹಾಕಲಿ ಅಂತ ಒಂದು ಚೀಟಿ ಸಿಕ್ಕಿಸಿ ಮನೆಗೆ ಕಳಿಸಿದನಂತೆ. ನಾಯಿ ಹೋದ ದಾರಿಯಲ್ಲೇ ಒಂದೊಂದೇ ಹೋಟೆಲು ಹಿಡಿದು ಮನೆ ಸೇರಿತು. ಕಥೆಗೆ ಸ್ವಲ್ಪ ಬಣ್ಣ ಹತ್ತಿರಬಹುದು. ಆದರೆ ಅಂಥ ಕಥೆ ಕಟ್ಟೋಕೂ ಅಂಥ ನಾಯಿಗಳು ಇರಬೇಕಲ್ವಾ?

ಹತ್ತೊಂಬತ್ತನೇ ಶತಮಾನದ ನಡುವೆ ರೈಲು ಬಂತು. ವಾರಗಟ್ಟಲೆಯ ದಾರಿ ಒಂದು ದಿನದ್ದಾಯಿತು. ಎಂಟು ಲಾಳವೂ ಬೇಡ, ಕೂಗೂ ಬೇಡ, ನಾಯಿಯೂ ಬೇಡ. ಬೂದು ನಾಯಿಗೆ ಉಳಿದದ್ದು ಮನೆ ಹಿಂದಿನ ಗುಡ್ಡ.

ಬಾಲಾದ ಪಂದ್ಯ

1873ರ ಅಕ್ಟೋಬರ್ 9ರಂದು ಉತ್ತರ ವೇಲ್ಸ್‌ನ ಬಾಲಾ ಊರಿನ ಹತ್ತಿರ ಬ್ರಿಟನ್ನಿನ ಮೊದಲ ಕುರಿನಾಯಿ ಪಂದ್ಯ ನಡೆಯಿತು. ನಡೆಸಿದವನು ರಿವ್ಲಾಸ್ ಎಸ್ಟೇಟಿನ ಜಮೀನ್ದಾರ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್. ಹತ್ತು ನಾಯಿಗಳು, ಮುನ್ನೂರು ಪ್ರೇಕ್ಷಕರು. ವೇಲ್ಸ್‌ನ ನೆಲ, ವೇಲ್ಸ್‌ನ ಕುರಿ, ವೇಲ್ಸ್‌ನ ಜಮೀನ್ದಾರ. ಗೆದ್ದದ್ದು ಮಾತ್ರ ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವನೊಬ್ಬನ ನಾಯಿ, ಟ್ವೀಡ್. ಸ್ಕಾಟಿಷ್ ತಳಿ.

ಇದು ಒಂದು ದಿನದ ಸೋಲಾಗಿದ್ದರೆ ಚಿಂತೆ ಇರಲಿಲ್ಲ. ಪಂದ್ಯ ಜನಪ್ರಿಯವಾಯಿತು, ಊರೂರಿಗೆ ಹಬ್ಬಿತು. ಪಂದ್ಯ ಅಂದಮೇಲೆ ಕಟ್ಟುಪಾಡು ಇರಬೇಕು. ಆ ಕಟ್ಟುಪಾಡುಗಳಲ್ಲೇ ವೆಲ್ಷ್ ನಾಯಿಯ ಕಷ್ಟ ಶುರುವಾಯಿತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾರ್ಡರ್ ಕಾಲಿ, ಅಂದರೆ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ ಕಡೆಯ ಕುರಿನಾಯಿ, ಕೆಲಸ ಮಾಡುವುದನ್ನು ನೋಡಿದ್ದೀರಾ? ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಬಾಲ ಇಳಿಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ, ಕಣ್ಣು ಮಿಟುಕಿಸದೆ ಕುರಿಯನ್ನೇ ದಿಟ್ಟಿಸುತ್ತದೆ. ಬೆಕ್ಕು ಇಲಿಗೆ ಹೊಂಚು ಹಾಕಿದ ಹಾಗೆ. ಸದ್ದೇ ಇಲ್ಲ. ಆ ನೋಟಕ್ಕೇ ಕುರಿ ಹೆದರಿ ಹಿಂದೆ ಸರಿಯುತ್ತದೆ. ಕುರಿನಾಯಿ ಸಾಕುವವರು ಇದನ್ನು ಸುಮ್ನೆ ‘ಕಣ್ಣು’ ಅನ್ನುತ್ತಾರೆ. ಈ ನಾಯಿಗೆ ಗಟ್ಟಿ ಕಣ್ಣು ಇದೆ, ಆ ನಾಯಿಯದು ಸಡಿಲ ಕಣ್ಣು, ಹೀಗೆ. ವೆಲ್ಷ್ ನಾಯಿಗಳು ಸಡಿಲ ಕಣ್ಣಿನವು. ನೆಟ್ಟಗೆ ನಿಂತು, ಬಾಲ ಎತ್ತಿ, ಓಡಾಡುತ್ತ, ಬೊಗಳುತ್ತ ಕೆಲಸ ಮಾಡುತ್ತವೆ.

ಪಂದ್ಯದ ಬಯಲಿನಲ್ಲಿ ನಾಲ್ಕೈದು ಕುರಿಗಳನ್ನು ದೂರದಿಂದ ನೇರ ಗೆರೆಯಲ್ಲಿ ತರಬೇಕು, ಗೇಟು ದಾಟಿಸಬೇಕು, ಒಂದನ್ನು ಬೇರೆ ಮಾಡಬೇಕು, ಕೊನೆಗೆ ಸಣ್ಣ ದೊಡ್ಡಿಗೆ ಕೂಡಬೇಕು. ಕುರಿ ಬೆದರಿ ಚದುರಿದರೆ ಅಂಕ ಹೋಯಿತು. ನಾಲ್ಕು ಕುರಿಗೆ ಮೌನವಾದ ಗಟ್ಟಿ ಕಣ್ಣಿನಷ್ಟು ಒಳ್ಳೆ ಸಾಧನ ಇನ್ನೊಂದಿಲ್ಲ. ನೋಡೋಕೂ ಅದು ಚಂದ, ನಾಟ್ಯದ ಹಾಗಿರುತ್ತದೆ.

ಈಗ ಅದೇ ನಾಯಿಯನ್ನು ಎದೆಮಟ್ಟ ಜರೀಗಿಡ ಬೆಳೆದ ಗುಡ್ಡದಲ್ಲಿ ಬಿಡಿ. ಪೊದೆಯೊಳಗೆ ಅಡಗಿದ ಕುರಿಗೆ ನಾಯಿಯ ಕಣ್ಣೇ ಕಾಣುವುದಿಲ್ಲ, ಹೆದರುವುದು ಯಾರಿಗೆ? ಅಲ್ಲಿ ಬೇಕಾದದ್ದು ಬೊಗಳು. ಮುನ್ನೂರು ಕುರಿಗಳನ್ನು ಇಕ್ಕಟ್ಟಾದ ದಾರಿಯಲ್ಲಿ ಹಿಂದಿನಿಂದ ದಬ್ಬಬೇಕಾದರೂ ಬೊಗಳು ಬೇಕು. ವೇಲ್ಸ್‌ನ ಗುಡ್ಡದ ಕುರಿಗಳಿಗೆ ಬೇಲಿ ಇರುತ್ತಿರಲಿಲ್ಲ. ಪ್ರತಿ ಹಿಂಡಿಗೂ ತನ್ನದೇ ಜಾಗ ಗೊತ್ತಿರುತ್ತದೆ. ತಾಯಿ ಕುರಿಯಿಂದ ಮರಿ ಅದನ್ನು ಕಲಿಯುತ್ತದೆ. ಅದಕ್ಕೆ ವೆಲ್ಷ್‌ನಲ್ಲಿ ‘ಕನೆವಿನ್’ ಎಂಬ ಚಂದದ ಮಾತಿದೆ. ಬೇರೆಯವರ ಹಿಂಡು ನಮ್ಮ ಕನೆವಿನ್‌ಗೆ ನುಗ್ಗಿದರೆ ಆಚೆ ಓಡಿಸಬೇಕು. ಕುರಿಯನ್ನು ಯಜಮಾನನ ಹತ್ತಿರ ತರುವುದಕ್ಕಿಂತ ದೂರ ಅಟ್ಟುವ ಕೆಲಸವೇ ಅಲ್ಲಿ ಜಾಸ್ತಿ. ಪಂದ್ಯದಲ್ಲಿ ಈ ಕಲೆಗೆ ತಕ್ಕ ಅಂಕ ಸಿಗಲಿಲ್ಲ. ಅಂಕ ಸಿಗದ ಗುಣಕ್ಕಾಗಿ ಮರಿ ಬೆಳೆಸುವವರು ಕಡಿಮೆಯಾಗುತ್ತ ಹೋದರು.

1906ರಲ್ಲಿ ಇಂಥ ಪಂದ್ಯಗಳನ್ನು ನೋಡಿಕೊಳ್ಳುವ ಇಂಟರ್‌ನ್ಯಾಷನಲ್ ಶೀಪ್‌ಡಾಗ್ ಸೊಸೈಟಿ ಹುಟ್ಟಿತು. ಅದಕ್ಕೂ ಮೊದಲೇ, 1893ರಲ್ಲಿ, ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ ಆಡಮ್ ಟೆಲ್ಫರ್ ಎಂಬವನ ಮನೆಯಲ್ಲಿ ಓಲ್ಡ್ ಹೆಂಪ್ ಎಂಬ ಗಂಡು ನಾಯಿ ಹುಟ್ಟಿತ್ತು. ಮೌನವಾಗಿ, ಗಟ್ಟಿ ಕಣ್ಣಿನಿಂದ ಕೆಲಸ ಮಾಡುವ ನಾಯಿ. 1901ರಲ್ಲಿ ಸಾಯುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಮರಿಗಳ ತಂದೆ. ಇವತ್ತಿನ ಬಾರ್ಡರ್ ಕಾಲಿಗಳ ವಂಶ ಹಿಡಿದು ಹಿಂದೆ ಹೋದರೆ ಹೆಚ್ಚುಕಮ್ಮಿ ಎಲ್ಲವೂ ಇದೇ ನಾಯಿಗೆ ಬಂದು ಮುಟ್ಟುತ್ತವೆ. ಮೇಲ್ಮನೆ ಕೆಳಮನೆಯವರ ಸಾಕ್ಷಿಯ ಜಾಗಕ್ಕೆ ಕಪ್ ಬಂತು, ದಾಖಲೆ ಪುಸ್ತಕ ಬಂತು. ವೇಲ್ಸ್‌ನ ರೈತರೂ ದಡ್ಡರಲ್ಲ. ಗೆಲ್ಲುವ ನಾಯಿಯ ಮರಿಗೆ ಬೆಲೆ ಜಾಸ್ತಿ ಅಂದರೆ ಯಾರು ಬಿಡುತ್ತಾರೆ? ತಮ್ಮ ಹೆಣ್ಣು ನಾಯಿಗೆ ಕಾಲಿ ಗಂಡನ್ನು ಕೂಡಿಸಿದರು. ಹುಟ್ಟಿದ ಮರಿಗೆ ಮತ್ತೆ ಕಾಲಿ. ನಾಲ್ಕೈದು ತಲೆಮಾರಿನಲ್ಲಿ ಬೂದು ಜೂಲು ಕಾಣೆ.

ಅಳಿವು ಅಂದರೆ ಯಾವ ಅಳಿವು?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಡೋಡೋ ಹಕ್ಕಿ ಅಳಿದದ್ದಕ್ಕೂ ಬೂದು ನಾಯಿ ಅಳಿದದ್ದಕ್ಕೂ ತುಂಬ ವ್ಯತ್ಯಾಸ. ಡೋಡೋ ಪೂರ್ತಿ ಹೋಯಿತು. ನಾಯಿ ತಳಿ ಅಳಿಯುವುದು ಹಳ್ಳ ಹೋಗಿ ಹೊಳೆಗೆ ಸೇರಿದ ಹಾಗೆ. ನೀರು ಎಲ್ಲೂ ಹೋಗಿಲ್ಲ. ಆದರೆ ಇದು ಆ ಹಳ್ಳದ ನೀರು ಅಂತ ಬೊಗಸೆಯಲ್ಲಿ ಎತ್ತಿ ತೋರಿಸೋಕೆ ಆಗದು. ಬೂದು ನಾಯಿಯ ರಕ್ತ ಇವತ್ತು ವೇಲ್ಸ್‌ನ ಎಷ್ಟೋ ಹೊಲಗಳಲ್ಲಿ ಓಡಾಡುತ್ತಿರಬೇಕು. ಕಳೆದದ್ದು ಆ ಗುಣಗಳೆಲ್ಲ ಒಟ್ಟಿಗೆ ಒಂದೇ ಮೈಯಲ್ಲಿ ಸೇರಿದ್ದ ಆ ಹದ.

ಅದರ ಒಂದು ಕವಲು ಸಮುದ್ರ ದಾಟಿತು ಎಂಬ ಮಾತು ಬಹಳ ಕಾಲದಿಂದ ಇತ್ತು. 1865ರ ಜುಲೈನಲ್ಲಿ ಮಿಮೋಸಾ ಎಂಬ ಹಡಗಿನಲ್ಲಿ ಸುಮಾರು 150 ಜನ ವೆಲ್ಷ್ ವಲಸಿಗರು ಅರ್ಜೆಂಟೀನಾದ ಪಟಗೋನಿಯಾದಲ್ಲಿ ಇಳಿದರು. ಇಂಗ್ಲಿಷಿನ ಒತ್ತಡವಿಲ್ಲದೆ ತಮ್ಮ ಭಾಷೆಯಲ್ಲಿ ಬದುಕೋಣ ಅಂತ ಹೋದವರು. ಚುಬುಟ್ ಕಣಿವೆಯಲ್ಲಿ ಈಗಲೂ ವೆಲ್ಷ್ ಮಾತಾಡುವವರಿದ್ದಾರೆ. ಆಮೇಲೆ ಪಟಗೋನಿಯಾದಲ್ಲಿ ಕುರಿ ಸಾಕಣೆ ದೊಡ್ಡದಾದಾಗ ಸ್ಕಾಟ್ಲೆಂಡಿನಿಂದ, ಫಾಕ್‌ಲ್ಯಾಂಡ್ ದ್ವೀಪಗಳಿಂದಲೂ ಕುರಿಗಾಹಿಗಳು ನಾಯಿಗಳ ಸಮೇತ ಬಂದರು. ಅರ್ಜೆಂಟೀನಾ, ಚಿಲಿಗಳ ಆ ಗಾಳಿಬಯಲಿನಲ್ಲಿ ಇವತ್ತು ಜೂಲಿನ, ಗಡ್ಡದ ಒಂದು ಕುರಿನಾಯಿ ಇದೆ. ಪಟಗೋನಿಯನ್ ಶೀಪ್‌ಡಾಗ್ ಅಂತ ಹೆಸರು, ಗಡ್ಡ ನೋಡಿ ಅಲ್ಲಿನವರು ಬಾರ್ಬುಚೋ ಅಂತಲೂ ಕರೆಯುತ್ತಾರೆ.

ಚಿಲಿಯ ಆಸ್ಟ್ರಲ್ ವಿಶ್ವವಿದ್ಯಾಲಯದವರು ಮತ್ತು ಅಮೆರಿಕದ ರಾಷ್ಟ್ರೀಯ ಜೀನೋಮ್ ಸಂಸ್ಥೆಯವರು ಸೇರಿ ಈ ನಾಯಿಯ ಡಿಎನ್‌ಎ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಇವತ್ತಿನ ಬ್ರಿಟಿಷ್ ಕುರಿನಾಯಿಗಳ ಸಾಮಾನ್ಯ ಪೂರ್ವಜ ಯಾವುದಿತ್ತೋ, ಅದಕ್ಕೆ ಜೀವಂತ ನಾಯಿಗಳಲ್ಲಿ ಅತಿ ಹತ್ತಿರದ್ದು ಇದೇ ಎಂದರು. ಬ್ರಿಟನ್ನಿನಲ್ಲಿ ಪಂದ್ಯ, ಪ್ರದರ್ಶನಗಳ ಕಾಲ ಶುರುವಾಗುವ ಹೊತ್ತಿಗೆ ಇದು ಕವಲೊಡೆದು ಹೋಗಿದೆ. ಹಾಗಾಗಿ ಆ ಜರಡಿಯಲ್ಲಿ ಸೋಸಿಕೊಳ್ಳದೆ ಉಳಿದಿದೆ.

ಇದನ್ನು ಓದಿ ‘ಸತ್ತ ವೆಲ್ಷ್ ನಾಯಿ ಪಟಗೋನಿಯಾದಲ್ಲಿ ಸಿಕ್ಕಿತು’ ಎಂದು ಕುಣಿಯುವವರಿದ್ದಾರೆ. ಸ್ವಲ್ಪ ತಡೆಯಿರಿ. ಈ ನಾಯಿಯಲ್ಲಿ ಹಲವು ಊರಿನ ನಾಯಿಗಳ ರಕ್ತವಿದೆ. ಜೊತೆಗೆ ಅದು ನೂರೈವತ್ತು ವರ್ಷ ಬೇರೆ ಗಾಳಿ, ಬೇರೆ ಕುರಿ, ಬೇರೆ ಯಜಮಾನರ ಕೈಲಿ ಬೆಳೆದಿದೆ. ಅಜ್ಜನ ತಮ್ಮನ ಮೊಮ್ಮಗ ಸಿಕ್ಕಿದ ಅಂದರೆ ಸಂತೋಷವೇ. ಅಜ್ಜನೇ ಎದ್ದುಬಂದ ಅನ್ನಬಾರದು.

ವೇಲ್ಸ್‌ಗೆ ನಾಯಿ ನೆನಪಿಲ್ಲ ಅಂತಲ್ಲ. ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಒಂದು ನಾಯಿ ಸಮಾಧಿಗೆ ಜನ ಮುಗಿಬೀಳುತ್ತಾರೆ. ರಾಜಕುಮಾರ ಲೆವೆಲಿನ್ ಮನೆಗೆ ಬರುತ್ತಾನೆ, ನಾಯಿಯ ಬಾಯಿ ತುಂಬ ರಕ್ತ, ಮಗು ಕಾಣುವುದಿಲ್ಲ. ನಾಯಿಯೇ ಮಗುವನ್ನು ತಿಂದಿತು ಅಂತ ಕತ್ತಿ ಇರಿಯುತ್ತಾನೆ. ಆಮೇಲೆ ನೋಡಿದರೆ ಮಗು ನಗುತ್ತಿದೆ, ಪಕ್ಕದಲ್ಲಿ ಸತ್ತ ತೋಳ. ಎಲ್ಲೋ ಕೇಳಿದ ಹಾಗಿದೆಯಲ್ಲ? ನಾವು ಚಿಕ್ಕವರಿದ್ದಾಗ ಕೇಳಿದ ಪಂಚತಂತ್ರದ ಮುಂಗುಸಿ ಕಥೆಯೇ ಇದು. ತೋಳದ ಜಾಗದಲ್ಲಿ ಹಾವು, ರಾಜನ ಜಾಗದಲ್ಲಿ ನೀರಿಗೆ ಹೋದ ಬಡ ಬ್ರಾಹ್ಮಣಗಿತ್ತಿ. ಕಥೆ ಇಂಡಿಯಾದಿಂದ ಊರೂರು ಅಲೆಯುತ್ತ ಅಲ್ಲಿಗೆ ಮುಟ್ಟಿದ್ದು ಎಂದು ಜಾನಪದ ತಜ್ಞರೂ ಒಪ್ಪುತ್ತಾರೆ. ಆ ಸಮಾಧಿಯ ಕಲ್ಲು ನಿಲ್ಲಿಸಿದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ಊರಿನ ಹೋಟೆಲಿನವನು. ಗಿರಾಕಿಗಳು ಬರಲಿ ಅಂತ. ಇಲ್ಲದ ನಾಯಿಗೆ ಕಲ್ಲು ಸಿಕ್ಕಿತು. ಲಂಡನ್‌ವರೆಗೆ ದನ ಹೊಡೆದ ಬೂದು ನಾಯಿಗೆ ಒಂದು ಫಲಕವೂ ಇದ್ದ ಹಾಗಿಲ್ಲ.

ಉಳಿಸುವುದು ಅಂದರೆ ಏನನ್ನು?

ಇದು ಹಳೇ ಕಥೆ ಮಾತ್ರ ಅಲ್ಲ. ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಅಪಾಯದಲ್ಲಿರುವ ದೇಶೀ ತಳಿಗಳ ಪಟ್ಟಿ ಇಟ್ಟುಕೊಂಡಿದೆ. ವರ್ಷಕ್ಕೆ 300ಕ್ಕಿಂತ ಕಡಿಮೆ ಮರಿಗಳು ನೋಂದಣಿಯಾದರೆ ಆ ತಳಿ ಪಟ್ಟಿಗೆ. ವೇಲ್ಸ್‌ನದೇ ಪೆಂಬ್ರೋಕ್ ಕೋರ್ಗಿ, ರಾಣಿ ಎಲಿಜಬೆತ್ ಸಾಕಿದ್ದ ಗಿಡ್ಡ ಕಾಲಿನ ನಾಯಿ, 2014ರಲ್ಲಿ ಬರೀ 274ಕ್ಕೆ ಇಳಿದಿತ್ತು. ಮೂಲದಲ್ಲಿ ಅದೂ ದನದ ಹಿಮ್ಮಡಿ ಕಚ್ಚಿ ಅಟ್ಟುವ ನಾಯಿಯೇ. ಮುಂದೆ ರಾಣಿಯ ಬದುಕಿನ ಮೇಲೆ ವೆಬ್ ಸರಣಿ ಬಂತು, ಜನ ಮತ್ತೆ ಕೋರ್ಗಿ ಕೊಂಡರು, 2018ರ ಹೊತ್ತಿಗೆ ಅದು ಪಟ್ಟಿಯಿಂದ ಹೊರಬಂದಿತ್ತು. ಟಿವಿ ನೋಡಿ ಉಳಿದ ತಳಿ! ಮರಿಗಳ ಸಂಖ್ಯೆ ಏರಿತು ನಿಜ. ದನ ಅಟ್ಟುವ ಕೋರ್ಗಿ ಎಷ್ಟು ಅಂತ ಆ ಪಟ್ಟಿ ಕೇಳುವುದೇ ಇಲ್ಲ.

ಬೂದು ನಾಯಿಯ ಹತ್ತಿರದ ಸಂಬಂಧಿ ಅನ್ನಬಹುದಾದ ಬಿಯರ್ಡೆಡ್ ಕಾಲಿಯ ಕಥೆಯೂ ಕೇಳುವಂಥದ್ದು. 1944ರಲ್ಲಿ ಆಲಿವ್ ವಿಲಿಸನ್ ಎಂಬಾಕೆ ಬೇರೆ ತಳಿಯ ಮರಿ ಬೇಕು ಅಂದಿದ್ದಳು, ಬಂದದ್ದು ಜೀನಿ ಎಂಬ ಗಡ್ಡದ ಮರಿ. ಅದಕ್ಕೆ ಜೋಡಿ ಹುಡುಕುತ್ತಿದ್ದಾಗ ಸಮುದ್ರದ ದಡದಲ್ಲಿ ವಾಕಿಂಗ್ ಬಂದಿದ್ದವನೊಬ್ಬನ ಬಳಿ ಬೇಲಿ ಎಂಬ ಗಂಡು ಕಂಡಿತು. ದೇಶ ಬಿಟ್ಟು ಹೊರಟಿದ್ದ ಅವನಿಂದ ಅದನ್ನು ಪಡೆದಳು. ಇವತ್ತು ಪ್ರದರ್ಶನಗಳಲ್ಲಿ ಕಾಣುವ ಬಿಯರ್ಡೆಡ್ ಕಾಲಿಗಳು ಮುಖ್ಯವಾಗಿ ಈ ಜೋಡಿಯ ಸಂತಾನ. ತಳಿ ಉಳಿಯಿತು, ಜೊತೆಗೆ ಕೂದಲು ಉದ್ದವಾಗುತ್ತ ಹೋಯಿತು. ದಿನಾ ಬಾಚದಿದ್ದರೆ ಗಂಟು ಕಟ್ಟುವ ಆ ಕೂದಲನ್ನು ಕೆಸರು ಗುಡ್ಡಕ್ಕೆ ಯಾವ ಕುರಿಗಾಹಿ ಕರೆದುಕೊಂಡು ಹೋಗುತ್ತಾನೆ? ಬೂದು ನಾಯಿಯನ್ನು ಯಾರಾದರೂ ‘ಮರುಸೃಷ್ಟಿ’ ಮಾಡಿದರೆ ಹೀಗೇ ಆಗುತ್ತದೆ ಎಂಬ ಭಯ ನನಗೆ. ಫೋಟೋಗೆ ಸರಿ, ಗುಡ್ಡಕ್ಕೆ ಉಪಯೋಗವಿಲ್ಲ.

ವೇಲ್ಸ್‌ನಲ್ಲೇ ಇನ್ನೊಂದು ದಾರಿ ಹಿಡಿದವರಿದ್ದಾರೆ. ಹಳೇ ನಾಯಿಗಳಲ್ಲಿ ಕಾಲಿಯ ಜೊತೆ ಪೂರ್ತಿ ಬೆರೆಯದೆ ಅಲ್ಲಲ್ಲಿ ಉಳಿದವು ಇದ್ದವು. ಕೆಂಪು-ಬಿಳಿ, ಕಪ್ಪು-ಬಿಳಿ, ಮೂರು ಬಣ್ಣದವು, ನೀಲಿಛಾಯೆಯ ಮಚ್ಚೆಯವು. ಇವಕ್ಕೆ ವೆಲ್ಷ್ ಶೀಪ್‌ಡಾಗ್ ಎಂದು ಹೆಸರು. 1997ರಲ್ಲಿ ಇವುಗಳಿಗಾಗಿ ಒಂದು ಸಂಘ ಕಟ್ಟಿ ದಾಖಲೆ ಶುರುಮಾಡಿದರು. ಕೆನಲ್ ಕ್ಲಬ್ ಇದನ್ನು ತಳಿ ಎಂದು ಗುರುತಿಸಿಲ್ಲ. ಅದು ಒಳ್ಳೆಯದೇ ಆಯಿತು ಅನ್ನುವವನು ನಾನು. ಇಲ್ಲಿ ಬಣ್ಣ, ಕಿವಿಗಳಿಗೆ ಕಟ್ಟುನಿಟ್ಟಿಲ್ಲ. ನೆಟ್ಟಗೆ ನಿಂತು, ಸಡಿಲ ಕಣ್ಣಿನಿಂದ, ಹಳೇ ರೀತಿಯಲ್ಲಿ ಕೆಲಸ ಮಾಡುತ್ತದಾ ಅನ್ನುವುದೇ ಮುಖ್ಯ. ಹವೆಲ್ ಧಾನ ಕಾನೂನಿಗೆ ಹತ್ತಿರದ ಲೆಕ್ಕ.

ಆದರೆ ಕೆಲಸ ನೋಡಿ ಉಳಿಸಬೇಕಾದರೆ ಕೆಲಸ ಇರಬೇಕು. ಗುಡ್ಡದ ರೈತರ ಹತ್ತಿರ ಈಗ ನಾಲ್ಕು ಚಕ್ರದ ಕ್ವಾಡ್ ಬೈಕ್ ಇದೆ. ನಾಯಿಗೆ ಅದರ ಹಿಂದೆ ಕೂತು ಬರುವ ಸುಖ. ಜಮೀನಿನ ಹತ್ತು ಭಾಗದಲ್ಲಿ ಒಂದು ಭಾಗ ಮರ ಇರಬೇಕೆಂದು ವೇಲ್ಸ್ ಸರಕಾರ ಸಹಾಯಧನಕ್ಕೆ ಷರತ್ತು ಹಾಕಹೊರಟಾಗ 2024ರಲ್ಲಿ ರೈತರು ಬೀದಿಗಿಳಿದರು. ಕಾರ್ಡಿಫ್‌ನ ಸಂಸತ್ತಿನ ಮೆಟ್ಟಿಲ ಮೇಲೆ ಐದು ಸಾವಿರಕ್ಕೂ ಹೆಚ್ಚು ಜೋಡಿ ಗಂಬೂಟುಗಳನ್ನು ಸಾಲಾಗಿ ಇಟ್ಟರು. ಇಷ್ಟು ಜನರ ಕೆಲಸ ಹೋಗುತ್ತದೆ ಎಂದು ತೋರಿಸೋಕೆ. ಸರಕಾರ ಆ ಷರತ್ತನ್ನು ಆಮೇಲೆ ಕೈಬಿಟ್ಟಿತು. ಗಂಬೂಟಿನ ಲೆಕ್ಕದಲ್ಲಿ ನಾಯಿಗಳು ಸೇರಿರಲಿಲ್ಲ. ಕುರಿ ಕಡಿಮೆಯಾದರೆ ಮೊದಲು ಕೆಲಸ ಕಳೆದುಕೊಳ್ಳುವುದು ಅವೇ.

ಹಾಗಂತ ಒಳ್ಳೆ ಕೆಲಸದ ನಾಯಿಗೆ ಬೆಲೆ ಬಿದ್ದಿಲ್ಲ. 2021ರ ಫೆಬ್ರವರಿಯಲ್ಲಿ ಬಾಲಾದಿಂದ ಹೆಚ್ಚು ದೂರವಿಲ್ಲದ ಡೋಲ್ಗೆಥ್ಲೈ ಊರಿನ ಹರಾಜಿನಲ್ಲಿ ಕಿಮ್ ಎಂಬ ಕಾಲಿ ನಾಯಿ 27 ಸಾವಿರ ಪೌಂಡಿಗೂ ಹೆಚ್ಚಿಗೆ ಹೋಯಿತು. ಒಂದು ಎತ್ತಲ್ಲ, ಆ ದುಡ್ಡಿಗೆ ಒಂದು ಕೊಟ್ಟಿಗೆ ತುಂಬ ದನ ಬರುತ್ತದೆ. ಕೋವಿಡ್ ಕಾಲವಾದ್ದರಿಂದ ಹರಾಜು ನಡೆದದ್ದು ಆನ್‌ಲೈನಿನಲ್ಲಿ. ಕೊಳ್ಳುವವರು ಅಡುಗೆಮನೆ ಮೇಜಿನ ಮೇಲೆ ಫೋನು ಒರಗಿಸಿಕೊಂಡು ವಿಡಿಯೊ ನೋಡಿದರು: ನಾಯಿ ಗುಡ್ಡ ಸುತ್ತಿ ಹೋಗುವುದು, ಕುರಿಗಳನ್ನು ಕೂಡಿಕೊಂಡು ಬರುವುದು.